ಹಿಮಗಾಲದ ಕಾಲುದಾರಿ: ಮನೆಯೆದುರಿನ 42 ಅಂಗುಲ

ಹಿಮ ಬೀಳುವ ಊರಿನಲ್ಲಿ ಮನೆ ಕೊಳ್ಳುವ ಕನ್ನಡಿಗನಿಗೆ ಸಾಲದ ಬಡ್ಡಿ, ಆಸ್ತಿ ತೆರಿಗೆ, ವಿಮೆ ಮೊದಲಾದವುಗಳ ವಿವರವನ್ನು ಹೇಳುವವರು ಅನೇಕರಿದ್ದಾರೆ. ಮನೆಯೆದುರಿನ ಕಾಲುದಾರಿಯ ಮೇಲೆ ಬಿದ್ದ ಹಿಮವನ್ನು ತೆಗೆಯುವ ಹೊಣೆ ಯಾರದು, ಎಷ್ಟು ಹೊತ್ತಿನೊಳಗೆ ತೆಗೆಯಬೇಕು, ಎಷ್ಟು ಅಗಲಕ್ಕೆ ತೆಗೆಯಬೇಕು ಎಂಬುದನ್ನು ಹೇಳುವವರು ವಿರಳ. ನನಗೂ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದರ ಫಲವನ್ನು ಅನುಭವಿಸಿದವರು ಮಾತ್ರ ಬೇರೊಬ್ಬರು. ಆ ಕಾರಣದಿಂದಲೇ ಈ ಲೇಖನ.

ಬಾಸ್ಟನ್ ನಗರದ ನೈಋತ್ಯ ಭಾಗದಲ್ಲಿರುವ ರಾಸ್ಲಿಂಡೇಲ್ ಬಡಾವಣೆಯಲ್ಲಿ ನಾವು ಮನೆ ಕೊಂಡದ್ದು 2014ರ ಶರತ್ಕಾಲದಲ್ಲಿ. ಅದರ ಬೆನ್ನಿಗೇ ಬಂದ ಚಳಿಗಾಲ ಬಾಸ್ಟನ್ನಿನ ಹವಾಮಾನ ದಾಖಲೆಗಳಲ್ಲೇ ಅತಿ ಹೆಚ್ಚು ಹಿಮ ಸುರಿದ ಕಾಲವಾಯಿತು. ಆ ಋತುವಿನಲ್ಲಿ ಒಟ್ಟು 110.6 ಅಂಗುಲ, ಅಂದರೆ ಸುಮಾರು 281 ಸೆಂಟಿಮೀಟರ್ ಹಿಮ ಬಿದ್ದಿತು. 2015ರ ಫೆಬ್ರವರಿ ತಿಂಗಳೊಂದರಲ್ಲೇ 64.8 ಅಂಗುಲ. ನಗರಸಭೆಯು ಲಾರಿಗಳಲ್ಲಿ ಸಾಗಿಸಿ ಬಂದರಿನ ಬಳಿ ಗುಡ್ಡ ಹಾಕಿದ್ದ ಹಿಮ ಪೂರ್ತಿ ಕರಗಿದ್ದು ಜುಲೈ 14ರಂದು.

ಆ ದಿನಗಳಲ್ಲಿ ನಾನು ಪ್ರತಿ ಬೆಳಗ್ಗೆ ಒಂದು ಗಂಟೆ ಸಲಿಕೆ ಹಿಡಿದು ಕಾರು ಹೊರಬರುವಷ್ಟು ಜಾಗ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಕಾಲುದಾರಿಯನ್ನು ಮುಟ್ಟುತ್ತಿರಲಿಲ್ಲ. ಅದು ನಗರಸಭೆಯ ಸ್ವತ್ತು, ಅವರೇ ನೋಡಿಕೊಳ್ಳುತ್ತಾರೆ ಎಂಬುದು ನನ್ನ ಎಣಿಕೆ. ದಾರಿಹೋಕರು ತುಳಿದು ತುಳಿದು ಒಂದಡಿ ಅಗಲದ ಜಾಡು ಬಿದ್ದಿತ್ತು. ಅದು ಹಗಲು ಕರಗಿ ಇರುಳು ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಎರಡು ಮನೆಯಾಚೆ ಒಬ್ಬಂಟಿಯಾಗಿ ವಾಸವಾಗಿದ್ದ, ಎಪ್ಪತ್ತು ದಾಟಿದ ನೆರೆಯಾಕೆ ವಾರಕ್ಕೆರಡು ಸಲ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದರು. ಫೆಬ್ರವರಿಯ ಒಂದು ಬೆಳಗ್ಗೆ ಅವರು ನಮ್ಮ ಮನೆಯ ಎದುರಿನ ಆ ಜಾಡಿನಲ್ಲೇ ಜಾರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಸಂಜೆ ವಿಷಯ ತಿಳಿದು ನೋಡಲು ಹೋದೆ. ಅವರು ಗದರಲಿಲ್ಲ. ಚಹಾ ಕೊಡಲಾಗದ್ದಕ್ಕೆ ಕ್ಷಮೆ ಕೇಳಿ, "ನಿಮ್ಮ ಕಾರಿಗೆ ದಾರಿ ಮಾಡಿಕೊಂಡಿದ್ದೀರಿ, ನನಗೂ ಸ್ವಲ್ಪ ದಾರಿ ಮಾಡಿಕೊಡಿ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ನಗರದ ನಿಯಮಗಳನ್ನು ಮೊದಲ ಬಾರಿಗೆ ಓದಿದೆ.

ಕಾಲುದಾರಿ ಯಾರದು?

ಅಮೆರಿಕದ ಬಹುಪಾಲು ನಗರಗಳಲ್ಲಿ ಕಾಲುದಾರಿ ಸಾರ್ವಜನಿಕವಾದದ್ದು. ಅಲ್ಲಿ ನಡೆಯುವ ಹಕ್ಕು ಎಲ್ಲರದು. ಆದರೆ ಅದಕ್ಕೆ ಹೊಂದಿಕೊಂಡಿರುವ ಜಾಗದ ಒಡೆಯನೇ ಅದರ ಮೇಲಿನ ಹಿಮವನ್ನು ತೆಗೆಯಬೇಕು. ರಸ್ತೆಯ ಹಿಮವನ್ನು ನಗರಸಭೆಯ ಲಾರಿಗಳು ದೂಡುತ್ತವೆ, ಕಾಲುದಾರಿಯ ಹಿಮ ಮನೆಯವರ ಪಾಲಿಗೆ. ಇದನ್ನು ವಿಚಿತ್ರವೆನ್ನುವವರಿದ್ದಾರೆ. ಒಂದು ಬೀದಿಯಲ್ಲಿ ಇಪ್ಪತ್ತು ಮನೆಗಳಿದ್ದು ಹತ್ತೊಂಬತ್ತು ಮನೆಯವರು ಹಿಮ ತೆಗೆದರೂ, ಇಪ್ಪತ್ತನೆಯವನು ತೆಗೆಯದಿದ್ದರೆ ಗಾಲಿಕುರ್ಚಿಯಲ್ಲಿ ಬರುವವರ ಪಾಲಿಗೆ ಇಡೀ ಬೀದಿಯೇ ಮುಚ್ಚಿದಂತೆ. ಅವರು ರಸ್ತೆಗಿಳಿಯಬೇಕು, ರಸ್ತೆಯೋ ಎರಡೂ ಬದಿಯ ಹಿಮದ ದಿಬ್ಬಗಳಿಂದ ಮೊದಲೇ ಕಿರಿದಾಗಿರುತ್ತದೆ. ಆ ಚಳಿಗಾಲದಲ್ಲಿ ನಮ್ಮ ಬೀದಿಯ ಇಪ್ಪತ್ತನೆಯವನು ನಾನೇ ಆಗಿದ್ದೆ.

ಬಾಸ್ಟನ್ನಿನ ನಿಯಮ

ಬಾಸ್ಟನ್ನಿನಲ್ಲಿ ಹಿಮಪಾತ ನಿಂತ 3 ಗಂಟೆಗಳೊಳಗೆ ಕಾಲುದಾರಿಯ ಹಿಮ ಮತ್ತು ಮಂಜುಗಡ್ಡೆಯನ್ನು ತೆಗೆಯಬೇಕು. ರಾತ್ರಿ ಬಿದ್ದ ಹಿಮವಾದರೆ ಸೂರ್ಯೋದಯದಿಂದ 3 ಗಂಟೆ. ತೆರವಾದ ದಾರಿ ಕನಿಷ್ಠ 42 ಅಂಗುಲ, ಅಂದರೆ ಸುಮಾರು 107 ಸೆಂಟಿಮೀಟರ್ ಅಗಲವಿರಬೇಕು. ಮೂಲೆಯ ಮನೆಯವರು ರಸ್ತೆ ದಾಟುವ ಕಡೆಯ ಇಳಿಜಾರನ್ನೂ ತೆರೆದಿಡಬೇಕು. ತೆಗೆದ ಹಿಮವನ್ನು ರಸ್ತೆಗೆ ಎಸೆಯುವಂತಿಲ್ಲ. ತಪ್ಪಿದವರಿಗೆ ದಂಡ ಉಂಟು. 311 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು.

42 ಅಂಗುಲವೆಂಬುದು ಸುಮ್ಮನೆ ಬರೆದ ಲೆಕ್ಕವಲ್ಲ. ಗಾಲಿಕುರ್ಚಿಯೊಂದು ಸಾಗಲು ಬೇಕಾದ ಕನಿಷ್ಠ ಅಗಲವನ್ನು ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯಿದೆಯ ಮಾನದಂಡಗಳು 36 ಅಂಗುಲವೆಂದು ಹೇಳುತ್ತವೆ. ಹಿಮದ ಅಂಚು ನೆಟ್ಟಗಿರುವುದಿಲ್ಲ, ಕುಸಿಯುತ್ತಿರುತ್ತದೆ; ಉಳಿದ 6 ಅಂಗುಲ ಅದಕ್ಕೂ ಗಾಲಿ ತಿರುಗಿಸುವ ಕೈಗಳಿಗೂ ಒದಗುತ್ತದೆ. ಒಂದು ಸಲಿಕೆಯ ಅಗಲಕ್ಕೆ ಗೆರೆ ಎಳೆದಂತೆ ದಾರಿ ಮಾಡಿ ಕೆಲಸ ಮುಗಿಯಿತೆನ್ನುವವರು ಇದನ್ನು ನೆನಪಿಡಬೇಕು. ಆ ಗೆರೆಯಲ್ಲಿ ಗಟ್ಟಿ ಕಾಲಿನವರು ಮಾತ್ರ ನಡೆಯಬಲ್ಲರು.

ನ್ಯಾಯಾಲಯದ ಮಾತನ್ನೂ ಹೇಳಬೇಕು. ತಾನಾಗಿಯೇ ಬಿದ್ದು ನಿಂತ ಹಿಮದ ಮೇಲೆ ಯಾರಾದರೂ ಜಾರಿದರೆ ಜಾಗದ ಮಾಲೀಕ ಹೊಣೆಯಲ್ಲ ಎಂಬ ತತ್ತ್ವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಹಿಮವನ್ನು ಮುಟ್ಟದೆ ಬಿಟ್ಟವನು ಕ್ಷೇಮ, ಅರೆಬರೆ ತೆಗೆದವನೇ ಅಪಾಯಕ್ಕೆ ಒಡ್ಡಿಕೊಂಡವನು ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದ್ದು ಇದರಿಂದಲೇ. 2010ರ ಜುಲೈನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಭೇದವನ್ನು ತೆಗೆದುಹಾಕಿತು. ಹಿಮ ಹೇಗೆ ಶೇಖರವಾಗಿದ್ದರೂ ತನ್ನ ಜಾಗಕ್ಕೆ ಬರುವವರ ಸುರಕ್ಷತೆಗೆ ಮಾಲೀಕ ತಕ್ಕ ಎಚ್ಚರ ವಹಿಸಬೇಕೆಂಬುದು ಈಗಿನ ನಿಯಮ. ಮನೆ ವಿಮೆ ಇಂಥ ಪ್ರಸಂಗಗಳಿಗೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಪತ್ರಗಳಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಬೇರೆ ಊರುಗಳಲ್ಲಿ

ನಿಯಮಗಳು ಊರಿಂದೂರಿಗೆ ಬದಲಾಗುತ್ತವೆ. ನ್ಯೂಯಾರ್ಕ್ ನಗರದಲ್ಲಿ ಹಿಮ ಬೆಳಗ್ಗೆ 7ರಿಂದ ಸಂಜೆ 5ರೊಳಗೆ ನಿಂತರೆ 4 ಗಂಟೆಗಳಲ್ಲಿ, ಸಂಜೆ 5ರಿಂದ ರಾತ್ರಿ 9ರೊಳಗೆ ನಿಂತರೆ 14 ಗಂಟೆಗಳಲ್ಲಿ, ಅದಕ್ಕೂ ತಡವಾಗಿ ನಿಂತರೆ ಬೆಳಗ್ಗೆ 11ರೊಳಗೆ ತೆಗೆಯಬೇಕು. ಷಿಕಾಗೊದಲ್ಲಿ ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಬಿದ್ದದ್ದನ್ನು ರಾತ್ರಿ 10ರೊಳಗೆ, ರಾತ್ರಿ ಬಿದ್ದದ್ದನ್ನು ಬೆಳಗ್ಗೆ 10ರೊಳಗೆ ತೆಗೆಯಬೇಕು. ದಾರಿಯ ಅಗಲ 5 ಅಡಿ. ಮಿನಿಯಾಪೊಲಿಸ್‌ನಲ್ಲಿ ಒಂಟಿ ಮನೆಯವರಿಗೆ 24 ಗಂಟೆಗಳ ಅವಕಾಶವಿದೆ.

ಕೆನಡಾದ ಟೊರಾಂಟೊ ನಗರಸಭೆ 2021-22ರ ಚಳಿಗಾಲದಿಂದ ಹೆಚ್ಚುಕಡಿಮೆ ಎಲ್ಲ ಕಾಲುದಾರಿಗಳ ಹಿಮವನ್ನೂ ತಾನೇ ಯಂತ್ರಗಳಿಂದ ತೆಗೆಸುತ್ತಿದೆ. ಮಾಂಟ್ರಿಯಲ್‌ನಲ್ಲಿಯೂ ಕಾಲುದಾರಿಯಷ್ಟೇ ಅಗಲದ ಪುಟ್ಟ ಯಂತ್ರಗಳು ಓಡಾಡುವುದನ್ನು ನೋಡಬಹುದು. ಜರ್ಮನಿಯಲ್ಲಿ ಹೊಣೆ ಸಾಮಾನ್ಯವಾಗಿ ಮನೆ ಮಾಲೀಕರದು. ಬಾಡಿಗೆಯ ಕರಾರಿನಲ್ಲಿ ಅದನ್ನು ಬಾಡಿಗೆದಾರರಿಗೆ ವರ್ಗಾಯಿಸುವ ರೂಢಿಯಿದೆಯಾದ್ದರಿಂದ ಅಲ್ಲಿರುವ ಕನ್ನಡಿಗರು ಸಹಿ ಹಾಕುವ ಮೊದಲು ಆ ಭಾಗವನ್ನು ಓದಬೇಕು. ಬರ್ಲಿನ್ ಮೊದಲಾದ ನಗರಗಳಲ್ಲಿ ಖಾಸಗಿಯವರು ಕಾಲುದಾರಿಗೆ ಉಪ್ಪು ಹಾಕುವುದಕ್ಕೂ ನಿಷೇಧವಿದೆ. ಇಂಗ್ಲೆಂಡಿನಲ್ಲಿ ಮನೆಯೆದುರಿನ ಕಾಲುದಾರಿಯ ಹಿಮ ತೆಗೆಯಲೇಬೇಕೆಂಬ ಕಾನೂನಿಲ್ಲ. ತೆಗೆದರೆ ತಮ್ಮ ಮೇಲೇ ಮೊಕದ್ದಮೆ ಬಂದೀತೆಂದು ಹೆದರುವವರಿಗೆ, ಎಚ್ಚರದಿಂದ ತೆಗೆದವರ ಮೇಲೆ ಅಂಥ ಮೊಕದ್ದಮೆ ಬರುವ ಸಂಭವ ಕಡಿಮೆಯೆಂದು ಅಲ್ಲಿನ ಸರ್ಕಾರವೇ ಹೇಳಿದೆ. ಬಿಸಿನೀರು ಸುರಿಯಬೇಡಿ ಎಂಬುದು ಅವರ ಇನ್ನೊಂದು ಸಲಹೆ. ಆ ನೀರು ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಜಾರುತ್ತದೆ.

ಸ್ವೀಡನ್ನಿನ ಕಾರ್ಲ್‌ಸ್ಕೂಗ ಪಟ್ಟಣದ ಅನುಭವ ಇಲ್ಲಿ ಗಮನಾರ್ಹ. ಮೊದಲು ದೊಡ್ಡ ರಸ್ತೆಗಳ ಹಿಮ ತೆಗೆದು ಕಡೆಗೆ ಕಾಲುದಾರಿಗಳಿಗೆ ಬರುತ್ತಿದ್ದ ಆ ಊರು, ಯಾರು ಹೇಗೆ ಓಡಾಡುತ್ತಾರೆಂಬುದನ್ನು ನೋಡಿ ಕ್ರಮವನ್ನೇ ತಿರುವುಮುರುವು ಮಾಡಿತು. ಗಂಡಸರು ಹೆಚ್ಚಾಗಿ ಕಾರಿನಲ್ಲಿ ಹೋಗುತ್ತಾರೆ, ಹೆಂಗಸರು ಹೆಚ್ಚಾಗಿ ನಡೆದು ಅಥವಾ ಬಸ್ಸಿನಲ್ಲಿ ಹೋಗುತ್ತಾರೆ. ಕೆಲವು ಅಂಗುಲ ಹಿಮದಲ್ಲಿ ಕಾರು ಓಡಿಸುವುದಕ್ಕಿಂತ ಮಗುವಿನ ತಳ್ಳುಗಾಡಿ ನೂಕುವುದು ಕಷ್ಟ ಎಂಬುದು ಅವರಿಗೆ ಮನವರಿಕೆಯಾಯಿತು. ಕೆಲಸ ಅಷ್ಟೇ, ಕ್ರಮ ಮಾತ್ರ ಬೇರೆ. ಕಾರಿಗೆ ಮೊದಲು ದಾರಿ ಮಾಡಿಕೊಂಡ ನನ್ನ ಕ್ರಮವೂ ಹಳೆಯ ಕಾರ್ಲ್‌ಸ್ಕೂಗದ ಕ್ರಮವೇ ಆಗಿತ್ತು.

ಹಿಮದ ತೂಕ

ಹಿಮ ಹತ್ತಿಯಂತೆ ಕಂಡರೂ ಹಗುರವಲ್ಲ. ನಮ್ಮ ಮನೆಯ ಮುಂದಿನ ಕಾಲುದಾರಿ 50 ಅಡಿ ಉದ್ದವಿದೆ. ಅದರಲ್ಲಿ 42 ಅಂಗುಲ ಅಗಲಕ್ಕೆ 6 ಅಂಗುಲ ದಪ್ಪದ ಹಿಮ ಬಿದ್ದರೆ ಅದರ ಗಾತ್ರ ಸುಮಾರು ಎರಡೂವರೆ ಘನ ಮೀಟರ್. ಘನ ಮೀಟರಿಗೆ 100 ಕಿಲೊ ತೂಗುವ ಹೊಸ ಹಿಮವಾದರೆ 250 ಕಿಲೊ. 300 ಕಿಲೊ ತೂಗುವ ಒದ್ದೆ ಹಿಮವಾದರೆ 750 ಕಿಲೊ. ಮುಕ್ಕಾಲು ಟನ್ ಭಾರವನ್ನು ಚಳಿಯಲ್ಲಿ, ಬೆಳಗಿನ ತಿಂಡಿಗೂ ಮೊದಲು, ವರ್ಷವಿಡೀ ಕುರ್ಚಿಯಲ್ಲಿ ಕುಳಿತ ದೇಹದಿಂದ ಎತ್ತಿಸುತ್ತೇವೆ. 1990ರಿಂದ 2006ರವರೆಗಿನ ಅಂಕಿಅಂಶಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 11,500 ಮಂದಿ ಹಿಮ ತೆಗೆಯುವಾಗ ಗಾಯಗೊಂಡು ಅಥವಾ ಅಸ್ವಸ್ಥರಾಗಿ ತುರ್ತು ಚಿಕಿತ್ಸೆಗೆ ಬರುತ್ತಾರೆ. ಸುಮಾರು ನೂರು ಮಂದಿ ಹೃದಯಕ್ಕೆ ಸಂಬಂಧಿಸಿದ ಕಾರಣದಿಂದ ಸಾಯುತ್ತಾರೆ.

ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದ ಒತ್ತಡ ಏರುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ಇನ್ನಷ್ಟು ಏರುತ್ತದೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದ್ರೋಗ ಇತರರಿಗಿಂತ ಕಿರಿಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ವೈದ್ಯರಿಗೆ ತಿಳಿದ ಸಂಗತಿ. ಆದ್ದರಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು, ಬಹುಕಾಲದಿಂದ ವ್ಯಾಯಾಮವಿಲ್ಲದವರು ವೈದ್ಯರನ್ನು ಕೇಳಿಯೇ ಸಲಿಕೆ ಹಿಡಿಯಬೇಕು. ಎದೆ, ತೋಳು ಅಥವಾ ದವಡೆಯಲ್ಲಿ ನೋವು, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ಕೆಲಸವನ್ನು ಅಲ್ಲಿಗೇ ಬಿಟ್ಟು ತುರ್ತು ಸಹಾಯಕ್ಕೆ ಕರೆ ಮಾಡಬೇಕು. ದಂಡಕ್ಕೆ ಹೆದರಿ ಜೀವ ಕಳೆದುಕೊಳ್ಳುವುದು ಬೇಡ. ಪಕ್ಕದ ಮನೆಯ ಹುಡುಗರಿಗೆ ಒಂದಿಷ್ಟು ಹಣ ಕೊಟ್ಟರೆ ಸಂತೋಷದಿಂದ ಮಾಡಿಕೊಡುತ್ತಾರೆ.

ತೆಗೆಯುವ ಕ್ರಮ

ಹತ್ತು ಚಳಿಗಾಲಗಳಲ್ಲಿ ನಾನು ಕಲಿತ ಮೊದಲ ಪಾಠ ಬೇಗ ತೆಗೆಯುವುದು. ಯಾರೂ ತುಳಿಯದ ಹಿಮ ಸಲಿಕೆಗೆ ಸುಲಭವಾಗಿ ಬರುತ್ತದೆ; ತುಳಿತಕ್ಕೆ ಸಿಕ್ಕ ಹಿಮ ನೆಲಕ್ಕಂಟಿ ಗಡ್ಡೆಯಾಗುತ್ತದೆ. ದೀರ್ಘಕಾಲ ಹಿಮ ಬೀಳುವ ದಿನ ನಡುವೆಯೇ ಒಂದೆರಡು ಬಾರಿ ತೆಗೆದರೆ ಒಮ್ಮೆಗೇ ಹೊರುವ ಭಾರ ತಪ್ಪುತ್ತದೆ. ಎತ್ತುವುದಕ್ಕಿಂತ ದೂಡುವುದು ಒಳ್ಳೆಯದು. ಎತ್ತಲೇಬೇಕಾದಾಗ ಸಲಿಕೆಯನ್ನು ಅರ್ಧ ಮಾತ್ರ ತುಂಬಿ, ಮಂಡಿ ಬಾಗಿಸಿ ಎತ್ತಿ, ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ ಹಾಕಬೇಕು.

ಎರಡನೆಯದು, ಹಿಮವನ್ನು ಎಲ್ಲಿ ಹಾಕುತ್ತೇವೆಂಬುದು. ಕಾಲುದಾರಿಗಿಂತ ಎತ್ತರದ ಬದಿಯಲ್ಲಿ ರಾಶಿ ಹಾಕಿದರೆ ಅದು ಮಧ್ಯಾಹ್ನದ ಬಿಸಿಲಿಗೆ ಕರಗಿ ದಾರಿಯ ಮೇಲೆ ಹರಿದು ರಾತ್ರಿ ಹೆಪ್ಪುಗಟ್ಟುತ್ತದೆ. ನೆಲದ ಬಣ್ಣವೇ ಕಾಣುವಂಥ, ಕಣ್ಣಿಗೆ ಬೀಳದ ಈ ತೆಳುಪದರವನ್ನೇ ಇಲ್ಲಿಯವರು ಬ್ಲ್ಯಾಕ್ ಐಸ್ ಎನ್ನುವುದು. ಆದುದರಿಂದ ಸಾಧ್ಯವಾದಷ್ಟು ತಗ್ಗಿನ ಬದಿಗೇ ಹಾಕಬೇಕು. ಮಳೆನೀರು ಇಳಿಯುವ ಮೋರಿಯ ಬಾಯನ್ನೂ ಬೆಂಕಿ ನಂದಿಸುವವರು ನೀರು ಪಡೆಯುವ ಹೈಡ್ರಂಟನ್ನೂ ಮುಚ್ಚಬಾರದು.

ಮೂರನೆಯದು, ಮೂಲೆ. ರಸ್ತೆಯ ಹಿಮ ದೂಡುವ ಲಾರಿ ನಾವು ತೆರೆದ ದಾರಿಯ ಬಾಯಿಗೇ ಮತ್ತೊಂದು ದಿಬ್ಬವನ್ನು ತಂದೊಡ್ಡುತ್ತದೆ. ಅದಕ್ಕೆ ಬೇಸರಪಡದೆ ಲಾರಿ ಹೋದ ಮೇಲೆ ಇನ್ನೊಮ್ಮೆ ಹೋಗಿ ತೆರೆಯಬೇಕು. ಅಮೆರಿಕ, ಕೆನಡಾಗಳಂತೆ ವಾಹನಗಳು ಬಲಬದಿಯಲ್ಲಿ ಚಲಿಸುವ ದೇಶದಲ್ಲಿ, ಮನೆಗೆ ಬೆನ್ನುಮಾಡಿ ರಸ್ತೆಗೆ ಮುಖಮಾಡಿ ನಿಂತಾಗ ನಮ್ಮ ಬಲಕ್ಕೆ ಹಿಮ ಹಾಕಿದರೆ ಲಾರಿ ಅದನ್ನು ಮತ್ತೆ ನಮ್ಮ ಬಾಗಿಲಿಗೆ ತಳ್ಳುವುದಿಲ್ಲ.

ಉಪ್ಪು ಮತ್ತು ಮರಳು

ಉಪ್ಪು ಹಿಮದ ತೇವದಲ್ಲಿ ಕರಗಿ ಉಪ್ಪುನೀರಾಗುತ್ತದೆ. ಉಪ್ಪುನೀರು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕು. ಉಪ್ಪಿನ ಉಪಯೋಗವೆಲ್ಲ ಇಷ್ಟೇ. ಸಾಮಾನ್ಯ ಕಲ್ಲುಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚಿನ ಪ್ರಯೋಜನಕ್ಕೆ ಬರುವುದಿಲ್ಲ. ಅದಕ್ಕೂ ಹೆಚ್ಚಿನ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೆ ಮರಳು ಹರಡಬೇಕು. ಮರಳು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಹಿಮ ತೆಗೆಯದೆ ಅದರ ಮೇಲೆ ಉಪ್ಪು ಸುರಿಯುವುದು ವ್ಯರ್ಥ. ಮೊದಲು ಸಲಿಕೆ, ಆಮೇಲೆ ಉಪ್ಪು.

ಎಷ್ಟು ಹಾಕಬೇಕೆಂಬುದಕ್ಕೆ ಹಿಮದ ನಾಡಾದ ಮಿನೆಸೋಟಾದವರು ಹೇಳಿಕೊಡುವ ಅಳತೆ ಸರಳವಾಗಿದೆ: 12 ಔನ್ಸಿನ ಒಂದು ಕಾಫಿ ಮಗ್ ಉಪ್ಪು ಕಾಲುದಾರಿಯ ಸುಮಾರು ಹತ್ತು ಚಪ್ಪಡಿಗಳಿಗೆ ಸಾಕು. ಅದನ್ನು ರಾಶಿ ಹಾಕದೆ ಬೀಜ ಬಿತ್ತುವಂತೆ ಹರಡಬೇಕು. ಹೆಚ್ಚು ಹಾಕಿದರೆ ಬೇಗ ಕರಗುತ್ತದೆಂಬುದು ತಪ್ಪು ಎಣಿಕೆ. ಕರಗಿದ ಉಪ್ಪು ಮೋರಿಯ ಮೂಲಕ ಹಳ್ಳ ಕೆರೆಗಳಿಗೆ ಹೋಗುತ್ತದೆ, ಅಲ್ಲಿಂದ ಅದನ್ನು ಹೊರತೆಗೆಯುವ ಸುಲಭ ಉಪಾಯವಿಲ್ಲ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರನ್ನು ಕೆಡಿಸಬಲ್ಲದೆಂದು ಅದೇ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ. ನೆಲ ಒಣಗಿದ ಮೇಲೆ ಉಳಿದ ಹರಳುಗಳನ್ನು ಗುಡಿಸಿ ಡಬ್ಬಿಗೆ ತುಂಬಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ.

ನಡೆಯುವವರು

ಊರಿನಿಂದ ಬಂದ ತಂದೆತಾಯಿಯರಿಗೆ ನಡೆಯುವ ರೀತಿಯನ್ನೂ ಹೇಳಿಕೊಡಬೇಕು. ಹೆಜ್ಜೆ ಸಣ್ಣದಿರಲಿ, ಪಾದ ಪೂರ್ತಿ ಊರಲಿ, ಮೈಭಾರ ಮುಂಗಾಲಿನ ಮೇಲಿರಲಿ, ಕೈಗಳು ಜೇಬಿನಲ್ಲಿರದೆ ಹೊರಗಿರಲಿ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಚಪ್ಪಟೆ ಅಡಿಯ ಚರ್ಮದ ಬೂಟು ಬೇಡ; ಹಲ್ಲಿರುವ ರಬ್ಬರ್ ಅಡಿಯ ಬೂಟು ಬೇಕು.

ನಮ್ಮಮ್ಮ ಸಾಗರದ ಕಡೆಯವರು. ಒಂದು ಚಳಿಗಾಲ ಇಲ್ಲಿದ್ದಾಗ, ನಾನು ಹಿಮ ತೆಗೆದು ಮರಳು ಹರಡುವುದನ್ನು ಕಿಟಕಿಯಿಂದ ನೋಡಿ, "ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸ್ತಿದ್ವಲ್ಲೋ, ಇದೂ ಹಾಂಗೇ ಅಲ್ಲವೇನೋ" ಎಂದರು. ಮಲೆನಾಡಿನ ಮಳೆಗೆ ಅಂಗಳವೆಲ್ಲ ಹಾವಸೆ ಕಟ್ಟಿ ಜಾರುತ್ತದೆ. ಅಡಿಕೆ ಮರದ ದಬ್ಬೆಗಳನ್ನು ಬಾಗಿಲಿನಿಂದ ದಣಪೆಯವರೆಗೆ ಹಾಸಿ ಅದರ ಮೇಲೆ ನಡೆಯುವುದು ಅಲ್ಲಿನ ವಾಡಿಕೆ. ಅದು ಮನೆಯವರಿಗೆಷ್ಟೋ ಮನೆಗೆ ಬರುವವರಿಗೂ ಅಷ್ಟೇ. ಬಂದವರು ಅಂಗಳದಲ್ಲಿ ಜಾರಿ ಬಿದ್ದರೆ ಅದು ಆ ಮನೆಗೇ ಅವಮಾನವೆಂದು ಅಜ್ಜಿ ಹೇಳುತ್ತಿದ್ದುದು ಅಮ್ಮನ ಮಾತಿನಿಂದ ನೆನಪಾಯಿತು. ಇಷ್ಟು ತಿಳಿದಿದ್ದ ನಾನು ಹಿಮದ ವಿಷಯದಲ್ಲಿ ಅದನ್ನು ಮರೆತದ್ದೇಕೆ? ಇಲ್ಲಿಯ ಕಾಲುದಾರಿ ನನ್ನ ಅಂಗಳವೆಂದು ನನಗೆ ಅನ್ನಿಸಿರಲಿಲ್ಲ. ಅಲ್ಲಿ ನಡೆಯುವವರು ನನ್ನ ಮನೆಗೆ ಬರುವವರಲ್ಲ, ನನಗೆ ಅಪರಿಚಿತರು ಎಂದುಕೊಂಡಿದ್ದೆ.

ಕಾಲುದಾರಿಯಲ್ಲಿ ನಡೆಯುವವರನ್ನು ಈಗ ಗುರುತಿಸಬಲ್ಲೆ. ಬೆಳಗಿನ ಬಸ್ಸಿಗೆ ಓಡುವ ದಾದಿ, ಶಾಲೆಯ ಮಕ್ಕಳು, ಬೆನ್ನಿಗೆ ಚೀಲ ಹೊತ್ತ ಅಂಚೆಯವನು, ಬಿಳಿಕೋಲು ಹಿಡಿದು ದಾರಿಯ ಅಂಚನ್ನು ತಟ್ಟುತ್ತ ಹೋಗುವ ಒಬ್ಬರು. ಕೋಲು ಹಿಡಿದವರಿಗೆ ಆ ಅಂಚು ಹಿಮದಲ್ಲಿ ಮುಚ್ಚಿಹೋದರೆ ದಾರಿಯೇ ಇಲ್ಲ. ಕಾರಿರುವವರಿಗೆ ಹಿಮ ಅರ್ಧ ದಿನದ ಕಿರಿಕಿರಿ. ಇವರಿಗೆ ಅದು ಮನೆಯಿಂದ ಹೊರಡಬೇಕೇ ಬೇಡವೇ ಎಂಬ ಪ್ರಶ್ನೆ.

ನೆರೆಯಾಕೆಯ ಕೈ ಗುಣವಾಗಲು ವಸಂತ ಬಂತು. ಬೆರಳುಗಳ ಹಿಡಿತ ಮಾತ್ರ ಮೊದಲಿನಂತಾಗಲಿಲ್ಲ. ಆ ಮೇಲೆ ಅವರು ಹೆಣಿಗೆಯ ಕಡ್ಡಿಗಳನ್ನು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಮರುವರ್ಷದಿಂದ ಹಿಮ ಬಿದ್ದ ದಿನ ಮೊದಲು ಅವರ ಬಾಗಿಲಿನಿಂದ ಬಸ್ ನಿಲ್ದಾಣದವರೆಗಿನ ದಾರಿ, ಆಮೇಲೆ ನನ್ನ ಕಾರಿನ ದಾರಿ ಎಂಬ ಕ್ರಮವಿಟ್ಟುಕೊಂಡೆ. ನಡುವಿನ ಮನೆಯವರೂ ಕೈಗೂಡಿಸಿದರು. ಮೂರು ವರ್ಷಗಳ ಹಿಂದೆ ಆಕೆ ಮಗಳ ಊರಿಗೆ ಹೋದರು. ಕ್ರಮ ಹಾಗೆಯೇ ಉಳಿದಿದೆ. ಆ ಮನೆಗೆ ಈಗ ಎಳೆಮಗುವಿರುವ ದಂಪತಿಗಳು ಬಂದಿದ್ದಾರೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಹಿಮಗಾಲ ಬರುವ ಮೊದಲೇ ನಿಮ್ಮ ಊರಿನ ನಿಯಮವನ್ನು ಓದಿಕೊಳ್ಳಿ. ಸಲಿಕೆ, ಮರಳು, ಒಂದು ಡಬ್ಬಿ ಉಪ್ಪು ಬಾಗಿಲ ಬಳಿಯೇ ಇರಲಿ. ಬೀದಿಯಲ್ಲಿ ಸಲಿಕೆ ಹಿಡಿಯಲಾರದವರು ಯಾರಿದ್ದಾರೆಂದು ಕೇಳಿ ತಿಳಿದುಕೊಳ್ಳಿ. ಹಿಮ ನಿಂತ ಬೆಳಗ್ಗೆ ಕಾರಿನ ಕಡೆಗೆ ಹೋಗುವ ಮುನ್ನ 42 ಅಂಗುಲ ದಾರಿ ಮಾಡಿ.